ಓಲೆ ಹೊರದ ಆರ್‌ಎನ್‌ಎ

ಯಶವಂತಪುರಕ್ಕೆ ಹೊಂದಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉಷಾ ವಿಜಯರಾಘವನ್ ಯೀಸ್ಟಿನ ಆರ್‌ಎನ್‌ಎ ಹೇಗೆ ಕತ್ತರಿಸಿ ಜೋಡಣೆಯಾಗುತ್ತದೆಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಹೆಬ್ಬಾಳ ದಾಟಿದರೆ ಸಿಗುವ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಎಂ.ಆರ್.ಎಸ್. ರಾವ್ ಅವರ ತಂಡ ಪ್ರೋಟೀನಿನ ಸೂಚನೆಯನ್ನೇ ಹೊರದ, ಇಲಿಯ ಒಂದು ಆರ್‌ಎನ್‌ಎಯ ಬೆನ್ನು ಹತ್ತಿತ್ತು. ಶಾಲೆಯ ಪಾಠದಲ್ಲಿ ಆರ್‌ಎನ್‌ಎ ಎಂದರೆ ಡಿಎನ್‌ಎಯ ಓಲೆಕಾರ. ಓಲೆಯಿಲ್ಲದವನಿಗೆ ಏನು ಕೆಲಸ?

ಬ್ರೆಡ್ ಉಬ್ಬಿಸುವ ಯೀಸ್ಟ್ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಅದರ ಕೋಶಕೇಂದ್ರದೊಳಗೆ ನ್ಯೂಕ್ಲಿಯೋಲಸ್ ಎಂಬ ದಟ್ಟ ಭಾಗವಿದೆ. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ತಯಾರಾಗುವುದು ಮುಖ್ಯವಾಗಿ ಅಲ್ಲೇ. ಆ ಯಂತ್ರದ ಆರ್‌ಎನ್‌ಎ ಮೇಲೆ ಸುಮಾರು ನೂರು ಕಡೆ ಸಣ್ಣ ರಾಸಾಯನಿಕ ತಿದ್ದುಪಡಿ ಆಗಬೇಕು. ಎಲ್ಲೆಲ್ಲಿ ಎಂದು ತೋರಿಸುವವು 'ಸ್ನೋ ಆರ್‌ಎನ್‌ಎ'ಗಳು. ಹಿಮಕ್ಕೂ ಇವಕ್ಕೂ ಸಂಬಂಧವಿಲ್ಲ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಹಾಗಾಗಿದೆ, ಅಷ್ಟೆ.

ಇವುಗಳ ಗುಟ್ಟೆಲ್ಲ ಆಕಾರದಲ್ಲಿದೆ. ಒಂದು ಬಗೆಯಲ್ಲಿ ಎಳೆಯ ಎರಡು ತುದಿಗಳು ಹತ್ತಿರ ಬಂದು, 'ಸಿ' ಮತ್ತು 'ಡಿ' ಎಂಬ ಗುರುತುಗಳು ಎದುರುಬದುರಾಗುತ್ತವೆ. ಉಳಿದ ಭಾಗ ರೈಬೋಸೋಮಿನ ಆರ್‌ಎನ್‌ಎಗೆ ಅಂಟಿಕೊಳ್ಳುತ್ತದೆ. ದರ್ಜಿ ಟೇಪು ಹಿಡಿದಂತೆ 'ಡಿ' ಗುರುತಿನಿಂದ ಎಣಿಸಿದರೆ ಐದನೆಯ ಅಕ್ಷರಕ್ಕೇ ಮೀಥೈಲ್ ಬೀಳುತ್ತದೆ. ಎಳೆಯ ಅಂಟುವ ಭಾಗವನ್ನು ಬದಲಿಸಿದರೆ ಮೀಥೈಲನ್ನು ಬೇಕಾದ ಕಡೆ ಬೀಳಿಸಬಹುದೆಂದು 1996ರಲ್ಲಿ ತೋರಿಸಲಾಯಿತು. ಇನ್ನೊಂದು ಬಗೆ ಎರಡು ಹೇರ್‌ಪಿನ್ನುಗಳಂತೆ ಮಡಿಚಿಕೊಂಡು, ನಡುವಿನ ಜೇಬಿನಲ್ಲಿ 'ಯು' ಅಕ್ಷರವೊಂದನ್ನು ಹಿಡಿದು ಕೊಡುತ್ತದೆ. ಕಿಣ್ವ ಅದನ್ನು ತಿರುಗಿಸಿ ಸ್ಯೂಡೋಯುರಿಡಿನ್ ಮಾಡುತ್ತದೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಬಳಸಿದ್ದು ಇದರದೇ ಒಂದು ರೂಪಾಂತರ; ಆ ಹಾದಿ ತೆರೆದ ಕಾರಿಕೊ ಮತ್ತು ವೈಸ್‌ಮನ್‌ಗೆ 2023ರ ನೊಬೆಲ್ ಸಂದಿತು.

ವಿಚಿತ್ರವೆಂದರೆ ಇಂಥ ಆರ್‌ಎನ್‌ಎಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ತೆಗೆದರೂ ಯೀಸ್ಟ್ ಬದುಕುತ್ತದೆ. ಆದರೆ 'ಯು3' ತೆಗೆಯಿರಿ, ಸಾಯುತ್ತದೆ. ಅದು ಗುರುತು ಹಾಕುವುದಿಲ್ಲ. ರೈಬೋಸೋಮಿನ ಆರ್‌ಎನ್‌ಎ ಸರಿಯಾಗಿ ಮಡಿಚಿ ತುಂಡಾಗಲು ಹಿಡಿಕೆಯಂತೆ ನಿಲ್ಲುತ್ತದೆ.

ಬೇಕರಿಯ ಜೀವಿಯ ಕಥೆ ನಮಗೇಕೆ ಎನ್ನುವ ಪೋಷಕರಿಗೆ ಒಂದು ಮಾತು. ಹೇರ್‌ಪಿನ್ ಬಗೆಯ ಜೊತೆ ದುಡಿಯುವ ಯೀಸ್ಟಿನ ಕಿಣ್ವ 'ಸಿಬಿಎಫ್5'. ಮನುಷ್ಯರಲ್ಲಿ ಅದರ ಸೋದರ ಡಿಸ್ಕೆರಿನ್. ಇದರ ಜೀನ್ ಕೆಟ್ಟರೆ ಉಗುರು ಹಾಳಾಗಿ, ಬಾಯಲ್ಲಿ ಬಿಳಿ ಮಚ್ಚೆ ಮೂಡಿ, ಕೊನೆಗೆ ಮೂಳೆಮಜ್ಜೆಯೇ ಸೋಲುವ ಕಾಯಿಲೆ ಬರುತ್ತದೆಂದು 1998ರಲ್ಲಿ ತಿಳಿಯಿತು. ಕ್ರೋಮೋಸೋಮುಗಳ ತುದಿ ಕಾಯುವ ಟೆಲೊಮರೇಸ್‌ನ ಆರ್‌ಎನ್‌ಎ ಕೂಡ ನಮ್ಮಲ್ಲಿ ಅದೇ ಹೇರ್‌ಪಿನ್ ಮಡಿಕೆಯನ್ನು ಹೊತ್ತಿದೆ, ಡಿಸ್ಕೆರಿನ್ ಅದನ್ನೂ ಹಿಡಿದಿರುತ್ತದೆ. ಹಿಡಿತ ತಪ್ಪಿದರೆ ತುದಿಗಳು ಬೇಗ ಸವೆಯುತ್ತವೆ.