ಕಾಲಡಿಯಲ್ಲಿದ್ದ ಗುರುತು

1838ರಲ್ಲಿ ಚಾರ್ಲ್ಸ್ ಫೆಲೋಸ್ ಎಂಬ ಇಂಗ್ಲಿಷ್ ಪ್ರವಾಸಿ ಇಂದಿನ ಟರ್ಕಿಯ ನೈರುತ್ಯ ಮೂಲೆಯಲ್ಲಿರುವ ಕ್ಸಾಂಥೋಸಿಗೆ ಬಂದ. ಪುರಾತನ ಲಿಸಿಯಾ ನಾಡಿನ ದೊಡ್ಡ ಪಟ್ಟಣ ಅದು. ಅಲ್ಲಿನ ಗೋರಿಗಳನ್ನೂ ಕೆತ್ತನೆಗಳನ್ನೂ ಕಂಡು ಬೆರಗಾದ ಅವನ ಬರಹ ಓದಿ ಬ್ರಿಟಿಷ್ ಮ್ಯೂಸಿಯಮ್ಮಿನವರಿಗೆ ಅವುಗಳನ್ನು ಲಂಡನ್ನಿಗೆ ತರಿಸುವ ಆಸೆ ಹುಟ್ಟಿತು. ಆಟೊಮನ್ ಸುಲ್ತಾನನ ಫರ್ಮಾನೂ ದೊರೆಯಿತು.

1842ರ ಆರಂಭದಲ್ಲಿ ನಾವಿಕರ ಜೊತೆ ಅಗೆಯುತ್ತಿದ್ದಾಗ, ಪಟ್ಟಣದಂಚಿನ ಪೀಠವೊಂದರ ಸುತ್ತ ಇಡೀ ಕಟ್ಟಡವೇ ಕುಸಿದು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದು ಬಯಲಾಯಿತು. ಅಯೋನಿಕ್ ಕಂಬಗಳು, ಯುದ್ಧದ ದೃಶ್ಯ ಕೆತ್ತಿದ ಪಟ್ಟಿಕೆಗಳು, ಸಿಂಹಗಳು. ಅವುಗಳ ನಡುವೆ ಅಮೃತಶಿಲೆಯ ಹೆಣ್ಣುಗಳು. ತಲೆಯಿಲ್ಲ, ತೋಳು ಮುರಿದಿವೆ. ಆದರೂ ಓಡುತ್ತಿದ್ದಾರೆ! ಎದುರುಗಾಳಿಗೆ ಸೆರಗು ಹಿಂದಕ್ಕೆ ಹಾರಿದೆ, ತೆಳುಬಟ್ಟೆ ನೀರಿನಿಂದ ಈಗಷ್ಟೇ ಎದ್ದು ಬಂದವರದರಂತೆ ಮೈಗಂಟಿದೆ. ಕಲ್ಲಿನಲ್ಲಿ ಇಷ್ಟು ಗಾಳಿಯನ್ನು ಹಿಡಿದಿಟ್ಟ ಶಿಲ್ಪಗಳು ನನಗೆ ಬೇರೆ ಗೊತ್ತಿಲ್ಲ.

ಯಾರಿವರು? ಪರ್ಷಿಯದ ಸೇನಾನಿ ಹಾರ್ಪಾಗಸ್ ಈ ಪಟ್ಟಣವನ್ನು ಗೆದ್ದ ನೆನಪಿಗೆ ಎತ್ತಿದ ವಿಜಯಸ್ಮಾರಕ ಇದು ಎಂದು ಫೆಲೋಸ್ ನಂಬಿದ. ಪಟ್ಟಿಕೆಗಳಲ್ಲಿದ್ದ ಕೋಟೆ ಮುತ್ತಿಗೆಯ ಚಿತ್ರಗಳನ್ನು ನೋಡಿದರೆ ಹಾಗನಿಸುವುದು ಸಹಜವೇ. ಉತ್ತರ ಮಾತ್ರ ಆ ಹೆಣ್ಣುಗಳ ಪಾದದಡಿಯಲ್ಲಿತ್ತು. ಅಲ್ಲಿ ಡಾಲ್ಫಿನ್, ಏಡಿ, ಕಡಲಹಕ್ಕಿಯಂಥ ಪುಟ್ಟ ಜೀವಿಗಳನ್ನು ಕೆತ್ತಲಾಗಿತ್ತು. ಎಂದಮೇಲೆ ಇವರು ಓಡುತ್ತಿರುವುದು ನೆಲದ ಮೇಲಲ್ಲ, ಅಲೆಗಳ ಮೇಲೆ. 1845ರಲ್ಲಿ ವಿಲಿಯಂ ವಾಟ್ಕಿಸ್ ಲಾಯ್ಡ್ ಈ ಸ್ಮಾರಕದ ಬಗ್ಗೆ ಬರೆದ ಪ್ರಬಂಧದ ಹೆಸರಿನಲ್ಲೇ ನೆರೀಡರಿದ್ದರು: ಕಡಲ ಹಿರಿಯ ನೆರಿಯಸ್‌ನ ಐವತ್ತು ಹೆಣ್ಣುಮಕ್ಕಳು, ಅಕಿಲೀಸನ ತಾಯಿ ಥೆಟಿಸ್‌ಳ ಒಡಹುಟ್ಟಿದವರು.

ವಿಜಯಸ್ಮಾರಕದ ಊಹೆಯೂ ನಿಲ್ಲಲಿಲ್ಲ. ಇದು ಕ್ರಿ.ಪೂ. 380ರ ಸುಮಾರಿನ ಗೋರಿ. ಲಿಸಿಯಾದ ಅರಸ ಅರ್ಬಿನಾಸ್‌ನದು ಎಂಬುದು ಇಂದಿನ ವಿದ್ವಾಂಸರ ಅಭಿಪ್ರಾಯ. ಕ್ಸಾಂಥೋಸಿನಲ್ಲಿ ಉಳಿದಿರುವುದು ಪೀಠದ ಬುಡ ಮಾತ್ರ. 1950ರಿಂದ ಅಲ್ಲಿ ಉತ್ಖನನ ನಡೆಸಿದ ಫ್ರೆಂಚರ ಅಧ್ಯಯನದ ನೆರವಿನಿಂದ ಗೋರಿಯ ಮುಂಭಾಗವನ್ನು ಲಂಡನ್ನಿನಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ತಾನು ಕಾಯಬೇಕಿದ್ದ ಅರಸನ ನೆಲದಿಂದ ಅದು ಇಷ್ಟು ದೂರವಿರುವುದು ನನಗೆ ನೋವಿನ ಸಂಗತಿ.

ಗ್ರೀಕರ ಕಡಲಕನ್ಯೆಯರಿಗೆ ಲಿಸಿಯಾದ ಅರಸನ ಗೋರಿಯಲ್ಲಿ ಏನು ಕೆಲಸ? 1973ರಲ್ಲಿ ಹತ್ತಿರದ ಲೆಟೂನ್ ದೇವಾಲಯದ ಆವರಣದಲ್ಲಿ ಲಿಸಿಯನ್, ಗ್ರೀಕ್, ಅರಮಾಯಿಕ್ ಭಾಷೆಗಳ ಶಾಸನವೊಂದು ಸಿಕ್ಕಿತು. ಅದರ ಗ್ರೀಕ್ ಪಾಠದಲ್ಲಿ ಲೆಟೊ ದೇವಿಯ ಜೊತೆ ಅಪ್ಸರೆಯರನ್ನು ಹೆಸರಿಸಿದ ಕಡೆ, ಲಿಸಿಯನ್ ಪಾಠದಲ್ಲಿ ಆ ನಾಡಿನದೇ ದೇವತೆಯರಿದ್ದಾರೆ. ಅರ್ಬಿನಾಸ್‌ನ ಶಿಲ್ಪಿಗಳು ಗ್ರೀಕ್ ಉಡುಗೆ ತೊಡಿಸಿದ್ದು ಈ ಸ್ಥಳೀಯ ಜಲದೇವತೆಯರಿಗೇ ಇರಬಹುದು ಎಂಬ ವಾದ ಈಗಲೂ ನಡೆದಿದೆ.