ಐದು ಡಾಲರ್ ಟಿಕೆಟ್ಟಿನ ಬ್ಯಾಂಡು

1980ರಲ್ಲಿ ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯ ‘ಟೀನ್ ಐಡಲ್ಸ್’ ಎಂಬ ಹುಡುಗರ ಬ್ಯಾಂಡು ಒಂದು ವರ್ಷ ತುಂಬುವ ಹೊತ್ತಿಗೇ ಒಡೆದುಹೋಯಿತು. ನಾಲ್ವರೂ ಹದಿಹರೆಯದವರು. ಶೋಗಳಿಂದ ಬಂದ ದುಡ್ಡನ್ನು ಯಾರೂ ಜೇಬಿಗಿಳಿಸದೆ ಒಂದು ಸಿಗಾರ್ ಡಬ್ಬಿಯಲ್ಲಿ ಕೂಡಿಡುತ್ತಾ ಬಂದಿದ್ದರು. ಬ್ಯಾಂಡು ನಿಂತಾಗ ಅದರಲ್ಲಿ ಸುಮಾರು 600 ಡಾಲರ್ ಇತ್ತು. ಹಂಚಿಕೊಂಡರೆ ತಲೆಗೆ 150 ಬರುತ್ತಿತ್ತು. ಅವರು ಹಂಚಿಕೊಳ್ಳಲಿಲ್ಲ. ಡಾನ್ ಜಿಯೆಂಟಾರಾ ತಮ್ಮ ಮನೆಯಲ್ಲೇ ನಡೆಸುತ್ತಿದ್ದ ‘ಇನ್ನರ್ ಇಯರ್’ ಸ್ಟುಡಿಯೊದಲ್ಲಿ ಮುದ್ರಿಸಿಟ್ಟಿದ್ದ ಎಂಟು ಹಾಡುಗಳಿದ್ದವು. ಆ ದುಡ್ಡಿನಲ್ಲಿ ಅವನ್ನೇ ಏಳಿಂಚಿನ ರೆಕಾರ್ಡ್ ಮಾಡಿಸಿ, ಒಂದು ಸಾವಿರ ಪ್ರತಿ ತೆಗೆಸಿದರು. ‘ಡಿಸ್ಕಾರ್ಡ್ ರೆಕಾರ್ಡ್ಸ್’ ಹುಟ್ಟಿದ್ದು ಹೀಗೆ.

ತಟ್ಟೆಯೇನೋ ಕಾರ್ಖಾನೆಯಿಂದ ಬಂತು, ಹೊದಿಕೆ ಬೇಕಲ್ಲ? ಸಿದ್ಧ ಹೊದಿಕೆ ಕೊಳ್ಳುವಷ್ಟು ದುಡ್ಡು ಉಳಿದಿರಲಿಲ್ಲ. ಇಂಗ್ಲೆಂಡಿನ ಒಂದು ರೆಕಾರ್ಡಿನ ಹೊದಿಕೆಯ ಅಂಟು ಬಿಡಿಸಿ, ಹಾಳೆಯನ್ನು ನೆಲದ ಮೇಲೆ ಹರಡಿ, ಮಡಿಕೆ ಎಲ್ಲೆಲ್ಲಿದೆ, ಅಂಚಿನ ನಾಲಿಗೆ ಎಷ್ಟಗಲವಿದೆ ಎಂದು ನೋಡಿ, ಅದರ ಮೇಲೆಯೇ ಗೆರೆ ಎಳೆದು ಅಚ್ಚು ತೆಗೆದುಕೊಂಡರು. ಅದನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಕತ್ತರಿಯಲ್ಲಿ ಕತ್ತರಿಸಿ, ಮಡಚಿ, ಅಂಟು ಹಚ್ಚಿ ಒಂದೊಂದಾಗಿ ಹೊದಿಕೆ ಮಾಡಿದರು. ಮುಂದಿನ ರೆಕಾರ್ಡುಗಳಿಗೂ ಗೆಳೆಯರೆಲ್ಲ ಕೂತು ಇದೇ ಕೆಲಸ ಮಾಡಿದ್ದರಿಂದ ಇಂಥ ಸಾವಿರಾರು ಹೊದಿಕೆಗಳು ಅವರ ಕೈಯಿಂದ ಹೊರಬಂದವು. ಈ ವಿವರ ನನಗೆ ಮುಖ್ಯವಾಗಿ ಕಾಣುತ್ತದೆ. ಸ್ವತಂತ್ರ ಬ್ಯಾಂಡ್ ಎಂದರೆ ದೊಡ್ಡ ಕಂಪನಿಗಳ ವಿರುದ್ಧ ಹಾಡು ಕಟ್ಟುವ ತಂಡ ಎಂದುಕೊಳ್ಳುತ್ತೇವೆ. ಆದರೆ ಆ ಸ್ವಾತಂತ್ರ್ಯ ಬಹುಪಾಲು ಇರುವುದು ಇಂಥ ಕಡೆ, ಖರ್ಚಿನ ಪಟ್ಟಿಯ ಒಂದೊಂದು ಬಾಬನ್ನೂ ತಾವೇ ನೋಡಿ, ಇದು ಬೇಕು, ಇದು ಬೇಡ ಎಂದು ತೀರ್ಮಾನಿಸುವುದರಲ್ಲಿ.

ಲೇಬಲ್ಲನ್ನು ಮುಂದುವರಿಸಿದವರು ಆ ಬ್ಯಾಂಡಿನ ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್. ಮೆಕಾಯ್ ಐಸ್‌ಕ್ರೀಮ್ ಅಂಗಡಿಯಲ್ಲಿ, ಸಿನಿಮಾ ಥಿಯೇಟರಿನಲ್ಲಿ ದುಡಿಯುತ್ತಾ ಇದನ್ನು ನಡೆಸಿದರು. 1981ರಲ್ಲಿ ಪೊಟೊಮ್ಯಾಕ್ ನದಿಯಾಚೆಯ ಆರ್ಲಿಂಗ್ಟನ್‌ನಲ್ಲಿ ಗೆಳೆಯರೊಂದಿಗೆ ಒಂದು ಮನೆ ಬಾಡಿಗೆ ಹಿಡಿದರು. ಮಹಡಿಯಲ್ಲಿ ಮಲಗುವುದು, ನೆಲಮಾಳಿಗೆಯಲ್ಲಿ ಅಭ್ಯಾಸ, ಅಲ್ಲೇ ಲೇಬಲ್ಲಿನ ಕಚೇರಿ. ನಿಯಮಗಳು ಕೆಲವೇ. ವಾಷಿಂಗ್ಟನ್ನಿನ ಬ್ಯಾಂಡುಗಳ ಸಂಗೀತವನ್ನಷ್ಟೇ ಹೊರತರುವುದು. ಬ್ಯಾಂಡಿನೊಂದಿಗೆ ಯಾವ ಕರಾರುಪತ್ರವೂ ಇಲ್ಲ. ಧ್ವನಿಮುದ್ರಣಕ್ಕೂ ತಯಾರಿಕೆಗೂ ಹಾಕಿದ ಹಣ ವಾಪಸು ಬಂದ ಮೇಲೆ ಲಾಭದಲ್ಲಿ ಅರ್ಧ ಬ್ಯಾಂಡಿಗೆ, ಅರ್ಧ ಲೇಬಲ್ಲಿಗೆ. ನಾಲ್ಕು ದಶಕ ದಾಟಿದ ಮೇಲೂ ಡಿಸ್ಕಾರ್ಡ್ ನಡೆಯುತ್ತಿದೆ.

ಕರಾರಿಲ್ಲದ ವ್ಯವಹಾರವನ್ನು ಹುಡುಗಾಟ ಎನ್ನುವವರಿದ್ದಾರೆ. ಬಿಟ್ಟುಹೋಗುವವರನ್ನು ಹಿಡಿದಿಡುವ ಹಗ್ಗ ಅಲ್ಲಿಲ್ಲ ಎಂಬುದೂ ನಿಜ. ‘ಜಾಬಾಕ್ಸ್’ ಎಂಬ ಬ್ಯಾಂಡ್ 1990ರ ದಶಕದಲ್ಲಿ ಡಿಸ್ಕಾರ್ಡ್ ಬಿಟ್ಟು ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿಗೆ ಸೇರಿತು. ಯಾರೂ ತಡೆಯಲಿಲ್ಲ, ನೋಟಿಸು ಕೊಡಲಿಲ್ಲ. ಅಲ್ಲಿ ಎರಡು ಆಲ್ಬಂ ಮಾಡಿ 1997ರಲ್ಲಿ ಬ್ಯಾಂಡ್ ನಿಂತುಹೋಯಿತು. ಅಟ್ಲಾಂಟಿಕ್‌ಗಾಗಿ ಮಾಡಿದ ಆಲ್ಬಂ ಒಂದನ್ನು 2009ರಲ್ಲಿ ಮರಳಿ ಅಂಗಡಿಗೆ ತಂದವರ ಪೈಕಿ ಅದೇ ಡಿಸ್ಕಾರ್ಡ್ ಕೂಡ ಇತ್ತು.

ದೊಡ್ಡ ಕಂಪನಿಯ ಕಡೆ ಲೆಕ್ಕ ಹೇಗಿರುತ್ತದೆ? ಇದನ್ನು ಬಿಡಿಸಿ ತೋರಿಸಿದವರು ಷಿಕಾಗೋದ ಧ್ವನಿಮುದ್ರಣ ತಂತ್ರಜ್ಞ ಸ್ಟೀವ್ ಆಲ್ಬಿನಿ. 1993ರಲ್ಲಿ ‘ದಿ ಬ್ಯಾಫ್ಲರ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಅವರು ನಾಲ್ಕು ಜನರ ಒಂದು ಕಾಲ್ಪನಿಕ ಬ್ಯಾಂಡನ್ನು ತೆಗೆದುಕೊಂಡರು. ಅದಕ್ಕೆ ಎರಡೂವರೆ ಲಕ್ಷ ಡಾಲರ್ ಅಡ್ವಾನ್ಸ್ ಸಿಗುತ್ತದೆ, ಎರಡೂವರೆ ಲಕ್ಷ ಪ್ರತಿ ಮಾರಾಟವಾಗುತ್ತದೆ. ಹೊರಗಿನಿಂದ ನೋಡಿದರೆ ಭರ್ಜರಿ ಗೆಲುವು. ಆಮೇಲೆ ಅವರು ಖರ್ಚನ್ನು ಒಂದೊಂದಾಗಿ ಕಳೆಯುತ್ತಾ ಹೋಗುತ್ತಾರೆ: ಸ್ಟುಡಿಯೊ, ನಿರ್ಮಾಪಕ, ವಿಡಿಯೊ, ವಕೀಲ, ಮ್ಯಾನೇಜರ್, ಏಜೆಂಟ್, ಬಸ್ಸು. ಕೊನೆಯಲ್ಲಿ ಕಂಪನಿಗೆ 7,10,000 ಡಾಲರ್, ನಿರ್ಮಾಪಕನಿಗೆ 90,000, ಮ್ಯಾನೇಜರಿಗೆ 51,000. ಊರೂರು ಸುತ್ತಿ ಹಾಡಿದ ಒಬ್ಬೊಬ್ಬ ಕಲಾವಿದನಿಗೆ ಉಳಿಯುವುದು 4,031 ಡಾಲರ್ 25 ಸೆಂಟ್. ಅದೂ ಸಾಲದೆಂಬಂತೆ ರಾಯಲ್ಟಿ ಖಾತೆಯಲ್ಲಿ ಬ್ಯಾಂಡೇ ಕಂಪನಿಗೆ 14,000 ಡಾಲರ್ ಬಾಕಿದಾರ. ಅಡ್ವಾನ್ಸ್ ಎನ್ನುವುದು ಸಾಲ. ಅದನ್ನು ಎಲ್ಲೆಲ್ಲಿ ಖರ್ಚು ಮಾಡಬೇಕೆಂದು ಹೇಳುವವನು ಸಾಲ ಕೊಟ್ಟವನೇ, ತೀರಿಸುವುದು ಮಾತ್ರ ಬ್ಯಾಂಡಿನ ಪಾಲಿಗೆ. ಆಲ್ಬಿನಿ ಬರೆದಂತೆಯೇ ಬದುಕಿದವರು. ‘ನಿರ್ವಾಣ’ ಬ್ಯಾಂಡಿನ ‘ಇನ್ ಯುಟೆರೊ’ ಆಲ್ಬಂ ಮುದ್ರಿಸಲು ಒಮ್ಮೆಗೇ ಒಂದು ಲಕ್ಷ ಡಾಲರ್ ಸಂಭಾವನೆ ಪಡೆದು, ಲಕ್ಷಾಂತರ ಪ್ರತಿಗಳ ಮಾರಾಟದ ಪಾಲು ತಮಗೆ ಬೇಡವೆಂದರು. ರಾಯಲ್ಟಿ ಹಾಡು ಮಾಡಿದವರಿಗೇ ಹೋಗಬೇಕೆಂಬುದು ಅವರ ನಿಲುವಾಗಿತ್ತು. ಅವರು 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ಆಲ್ಬಿನಿ ಕಾಗದದ ಮೇಲೆ ತೋರಿಸಿದ್ದನ್ನು ರಸ್ತೆಯ ಮೇಲೆ ತಿರುವುಮುರುವು ಮಾಡಿದ್ದು ಮೆಕಾಯ್ ಅವರ ನಂತರದ ಬ್ಯಾಂಡುಗಳಲ್ಲೊಂದಾದ ‘ಫುಗಾಜಿ’. 1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ ಮೊದಲ ಶೋ. ಮೆಕಾಯ್, ಜೋ ಲಾಲಿ, ಬ್ರೆಂಡನ್ ಕ್ಯಾಂಟಿ, ಸ್ವಲ್ಪ ದಿನಗಳಲ್ಲೇ ಗೈ ಪಿಚ್ಚೊಟ್ಟೊ. ಟಿಕೆಟ್ ಐದು ಡಾಲರ್, ಆಮೇಲಿನ ವರ್ಷಗಳಲ್ಲೂ ಅದರ ಆಸುಪಾಸು. ಶೋಗೆ ಯಾವ ವಯಸ್ಸಿನವರೂ ಬರಬಹುದು. ಟಿ-ಶರ್ಟು, ಪೋಸ್ಟರು ಯಾವುದರ ಮಾರಾಟವೂ ಇಲ್ಲ. ಮ್ಯಾನೇಜರ್ ಇಲ್ಲ, ಬುಕಿಂಗ್ ಏಜೆಂಟ್ ಇಲ್ಲ. ಸಭಾಂಗಣಗಳಿಗೆ ಫೋನು ಮಾಡಿ ಶೋ ಗೊತ್ತು ಮಾಡುತ್ತಿದ್ದವರು ಮೆಕಾಯ್ ಅವರೇ.

ಐದು ಡಾಲರಿನಲ್ಲಿ ಹೇಗೆ ಗಿಟ್ಟುತ್ತದೆ? ಸಾವಿರ ಜನ ಬಂದರೆ ಐದು ಸಾವಿರ ಡಾಲರ್. ಸಭಾಂಗಣದ ಬಾಡಿಗೆ, ಧ್ವನಿವ್ಯವಸ್ಥೆ ಕಳೆದರೆ ಉಳಿದದ್ದು ಬ್ಯಾಂಡಿನದು. ಮ್ಯಾನೇಜರ್ ಇದ್ದರೆ ಗಳಿಕೆಯಲ್ಲಿ ನೂರಕ್ಕೆ ಹದಿನೈದೋ ಇಪ್ಪತ್ತೋ ಅವನಿಗೆ ಹೋಗುವುದು ವಾಡಿಕೆ, ಏಜೆಂಟಿಗೆ ಹತ್ತು. ಈ ಕಮಿಷನ್ ಕತ್ತರಿಸುವುದು ಒಟ್ಟು ವಸೂಲಿಯ ಮೇಲೆ, ಲಾಭದ ಮೇಲಲ್ಲ. ಟೂರು ನಷ್ಟವಾದರೂ ಕಮಿಷನ್ ಹೋಗುತ್ತದೆ. ನಮ್ಮ ಕಂಪನಿ ನಾಟಕದ ಮಾಲೀಕರು ಕ್ಯಾಂಪಿನಿಂದ ಕ್ಯಾಂಪಿಗೆ ಲಾರಿ ಬಾಡಿಗೆ, ಅಡುಗೆಯವರ ಸಂಬಳ, ಮಳೆ ಬಂದ ರಾತ್ರಿಯ ಖಾಲಿ ಕುರ್ಚಿಗಳನ್ನು ಹೇಗೆ ಎಣಿಸುತ್ತಿದ್ದರೋ ಹಾಗೆಯೇ ಮೆಕಾಯ್ ಎಣಿಸಿದರು. ವ್ಯಾನಿನಲ್ಲಿ ಪ್ರಯಾಣ, ಜೊತೆಗೆ ಬರುವವರು ಒಬ್ಬಿಬ್ಬರು. ಟಿ-ಶರ್ಟ್ ಮಾರದಿದ್ದರಿಂದ ಅದನ್ನು ಹೊಲಿಸುವ ಬಂಡವಾಳವಿಲ್ಲ, ಪೆಟ್ಟಿಗೆ ಹೊರುವ ಆಳಿಲ್ಲ, ಉಳಿದ ಸರಕಿನ ಚಿಂತೆಯಿಲ್ಲ.

ಕಡಿಮೆ ಟಿಕೆಟ್ಟು ಅವರಿಗೆ ವೇದಿಕೆಯ ಮೇಲೆ ಬೇರೊಂದು ಬಲವನ್ನೂ ಕೊಟ್ಟಿತು. ಗುಂಪಿನಲ್ಲಿ ಯಾರಾದರೂ ಪಕ್ಕದವರನ್ನು ಗುದ್ದಿ, ಒದ್ದು ಗಲಾಟೆ ಮಾಡಿದರೆ ಹಾಡು ನಿಲ್ಲುತ್ತಿತ್ತು. ಬ್ಯಾಂಡಿನವರು ಐದು ಡಾಲರ್ ನೋಟು ಹಾಕಿದ ಲಕೋಟೆಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿರುತ್ತಿದ್ದರು. ಒಂದನ್ನು ಆ ಮನುಷ್ಯನ ಕೈಗಿತ್ತು ಹೊರಗೆ ಕಳಿಸಿ ಹಾಡು ಮುಂದುವರಿಸುತ್ತಿದ್ದರು. ಐವತ್ತು ಡಾಲರಿನ ಟಿಕೆಟ್ಟಾಗಿದ್ದರೆ ಇಷ್ಟು ಸಲೀಸಾಗಿ ಹಣ ಮರಳಿಸಲು ಯಾರಿಗೂ ಆಗುತ್ತಿರಲಿಲ್ಲ. ಸ್ವಂತ ಊರು ವಾಷಿಂಗ್ಟನ್ನಿನಲ್ಲಿ ಮಾಡಿದ ಶೋಗಳಲ್ಲಿ ಹೆಚ್ಚಿನವು ಯಾವುದಾದರೊಂದು ಸಂಸ್ಥೆಯ ಸಹಾಯಾರ್ಥ ನಡೆದವು. ಊರ ಹೊರಗಿನ ಟೂರುಗಳು ಜೀವನಕ್ಕಾದರೆ ಇವು ಊರಿಗೆ.

ನಿರ್ವಾಣ ಬ್ಯಾಂಡಿನ 1991ರ ಯಶಸ್ಸಿನ ನಂತರ ಕಂಪನಿಗಳು ಇಂಥ ಬ್ಯಾಂಡುಗಳ ಬೆನ್ನು ಹತ್ತಿದವು. 1993ರಲ್ಲಿ ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಸಭಾಂಗಣದ ಶೋಗೆ ಅಟ್ಲಾಂಟಿಕ್ ಸಂಸ್ಥಾಪಕ ಅಹ್ಮೆತ್ ಎರ್ಟೆಗುನ್ ಸ್ವತಃ ಬಂದು ಫುಗಾಜಿಯನ್ನು ಕರೆದರೆಂದು ಬ್ಯಾಂಡಿನ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಬ್ಯಾಂಡ್ ಒಪ್ಪಲಿಲ್ಲ. ಇದನ್ನು ತ್ಯಾಗವೆಂದು ಹೊಗಳುವುದು ಸರಿಯೆಂದು ನನಗನ್ನಿಸದು. ಅವರ ಜಮಾ-ಖರ್ಚು ನೋಡಿದರೆ ಅದು ಸೊಗಸಾದ ವ್ಯಾಪಾರ ಬುದ್ಧಿ. ಹಕ್ಕು ತಮ್ಮದೇ, ಲಾಭದಲ್ಲಿ ಅರ್ಧ ತಮ್ಮದೇ, ಸಾಲ ಸೊನ್ನೆ. ಅಟ್ಲಾಂಟಿಕ್ ಇದಕ್ಕಿಂತ ಹೆಚ್ಚಿನದೇನನ್ನು ಕೊಡಬಲ್ಲದಾಗಿತ್ತು?

ಈಗಿನ ಕಾಲಕ್ಕೆ ಬಂದರೆ, ಕ್ಯಾಲಿಫೋರ್ನಿಯಾದ ‘ಪಾಂಪ್ಲಮೂಸ್’ ಎಂಬ ಜೋಡಿ 2014ರಲ್ಲಿ ತನ್ನ ಟೂರಿನ ಲೆಕ್ಕವನ್ನು ಜನರ ಮುಂದಿಟ್ಟಿತು. ಜ್ಯಾಕ್ ಕಾಂಟಿ ಮತ್ತು ನ್ಯಾಟಲಿ ಡಾನ್ 28 ದಿನಗಳಲ್ಲಿ 23 ಊರುಗಳಲ್ಲಿ 24 ಶೋ ಕೊಟ್ಟರು. ಟಿಕೆಟ್ಟಿನಿಂದ 97,519 ಡಾಲರ್, ಟಿ-ಶರ್ಟು, ಸಿ.ಡಿ. ಇತ್ಯಾದಿಯಿಂದ 29,714, ಪ್ರಾಯೋಜಕರಿಂದ 8,750. ಒಟ್ಟು 1,35,983. ಖರ್ಚು 1,47,802. ನಷ್ಟ 11,819 ಡಾಲರ್. ಖರ್ಚಿನಲ್ಲಿ ದೊಡ್ಡ ಬಾಬು ಜೊತೆಗೆ ಬಂದ ವಾದಕರು ಮತ್ತು ತಂತ್ರಜ್ಞರ ಸಂಬಳ, ದಿನಭತ್ಯೆ: 48,094. ದೀಪ, ವ್ಯಾನು, ಸಲಕರಣೆಗೆ 26,450. ಹೋಟೆಲು-ಊಟಕ್ಕೆ 17,589. ಕಮಿಷನ್ನಿಗೆ 16,463. ಈ ಕೊನೆಯ ಅಂಕಿ ನಷ್ಟಕ್ಕಿಂತ ದೊಡ್ಡದು ಎಂಬುದನ್ನು ಗಮನಿಸಬೇಕು. ಕಾಂಟಿ ಇದನ್ನು ಗೋಳಾಗಿ ಬರೆಯಲಿಲ್ಲ. ಮುಂದಿನ ವರ್ಷಗಳಿಗೆ ಕೇಳುಗರನ್ನು ಗಳಿಸಲು ಹಾಕಿದ ಬಂಡವಾಳವೆಂದೇ ವಾದಿಸಿದರು. ಇಬ್ಬರೂ ಬ್ಯಾಂಡಿನಿಂದ ತಿಂಗಳಿಗೆ 2,500 ಡಾಲರ್ ಸಂಬಳ ತೆಗೆದುಕೊಳ್ಳುತ್ತಿದ್ದರು. ಹೊಟ್ಟೆಪಾಡು ನಡೆದದ್ದು ಹಾಡುಗಳ ಮಾರಾಟದಿಂದ ಮತ್ತು ಅಭಿಮಾನಿಗಳು ವಿಡಿಯೊ ಲೆಕ್ಕದಲ್ಲಿ ಕೊಡುತ್ತಿದ್ದ ವಂತಿಗೆಯಿಂದ. ಆ ವಂತಿಗೆಯ ವ್ಯವಸ್ಥೆ ‘ಪೇಟ್ರಿಯಾನ್’. ಅದನ್ನು 2013ರಲ್ಲಿ ಕಟ್ಟಿದವರಲ್ಲಿ ಕಾಂಟಿಯೇ ಒಬ್ಬರು. ಹಾಗಾಗಿ ಇದು ತನ್ನ ಕಂಪನಿಯ ಜಾಹೀರಾತು ಎಂಬ ಟೀಕೆಯೂ ಬಂತು. ಅಂಕಿಗಳನ್ನು ಮುಚ್ಚುಮರೆಯಿಲ್ಲದೆ ಹರವಿದ್ದಕ್ಕಾಗಿ ನಾನಂತೂ ಅವರಿಗೆ ಕೃತಜ್ಞ. ಬ್ಯಾಂಡ್ ಕಟ್ಟಲು ಹೊರಟ ಎಳೆಯರಿಗೆ ಅಂಥ ಪಟ್ಟಿ ಎಲ್ಲೂ ಸಿಗುವುದಿಲ್ಲ.

ಬೆಂಗಳೂರಿನ ಬ್ಯಾಂಡುಗಳಿಗೂ ಈ ಬಾಬುಗಳೆಲ್ಲ ಪರಿಚಿತ. ಇಲ್ಲಿ ಟಿಕೆಟ್ಟು ಕೊಂಡು ಬರುವವರ ಸಂಖ್ಯೆ ಕಡಿಮೆಯಾದ್ದರಿಂದ ಕಾಲೇಜು ಫೆಸ್ಟು, ಕಾರ್ಪೊರೇಟ್ ಶೋಗಳೇ ಆಧಾರ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂದದ್ದು ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ತಾವೇ ಶುರುಮಾಡಿದ ಲೇಬಲ್ಲಿನಿಂದ. 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಸದಸ್ಯರು ‘ಟಾಕಾಡೆಮಿ’ ಎಂಬ ಸಂಗೀತ ಶಾಲೆ ನಡೆಸಿದರು. ಹಾಡು ಸಾಕದ ತಿಂಗಳಲ್ಲಿ ಪಾಠ ಸಾಕುತ್ತದೆ. ಸ್ಟ್ರೀಮಿಂಗ್‌ನಿಂದ ಬರುವುದು ಒಂದು ಕೇಳ್ಮೆಗೆ ಪೈಸೆಗಳ ಲೆಕ್ಕ. 2024ರಿಂದ ಸ್ಪಾಟಿಫೈ, ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಅದನ್ನೂ ಕೊಡುವುದಿಲ್ಲ. ಹೊಸಬರ ಮೊದಲ ಹಾಡುಗಳು ಈ ಗೆರೆಯ ಕೆಳಗೇ ಬೀಳುವ ಸಂಭವ ಹೆಚ್ಚು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಡಿಸ್ಕಾರ್ಡಿನ ದಾರಿ ಎಲ್ಲರಿಗೂ ಒದಗುತ್ತದೆ ಎನ್ನಲಾರೆ. ಮೆಕಾಯ್ ಅವರ ತಂದೆ ವಾಷಿಂಗ್ಟನ್ ಪೋಸ್ಟಿನಲ್ಲಿ ಪತ್ರಕರ್ತ. ಕೈ ಬರಿದಾದರೆ ಹೋಗಲೊಂದು ಮನೆಯಿತ್ತು. ಹಂಚಿಕೊಂಡ ಬಾಡಿಗೆ ಮನೆ, ಚರ್ಚಿನ, ಸಮುದಾಯದ ಅಗ್ಗದ ಸಭಾಂಗಣಗಳು, ಹೊಸ ಹಾಡು ಹಾಕುವ ಕಾಲೇಜು ರೇಡಿಯೊಗಳು ಅವರ ಸುತ್ತ ಇದ್ದವು. ಊರಿನಲ್ಲಿ ಇವು ಇಲ್ಲದಿದ್ದರೆ ಎಷ್ಟೇ ಬಿಗಿಯಾಗಿ ಖರ್ಚು ಹಿಡಿದರೂ ಬ್ಯಾಂಡು ನಿಲ್ಲದು. ಅಭ್ಯಾಸಕ್ಕೊಂದು ಜಾಗ, ಕಡಿಮೆ ಬಾಡಿಗೆಯ ಒಂದು ವೇದಿಕೆ ಒದಗಿಸುವುದು ನಗರಗಳು ಸಂಗೀತಕ್ಕೆ ಮಾಡಬಹುದಾದ ದೊಡ್ಡ ಉಪಕಾರ.

ಫುಗಾಜಿಯನ್ನು ನಿಲ್ಲಿಸಿದ್ದೂ ದುಡ್ಡಲ್ಲ. ಮಕ್ಕಳಾದವು, ಮನೆಯ ಹೊಣೆ ಬೆಳೆಯಿತು, ತಿಂಗಳುಗಟ್ಟಲೆ ವ್ಯಾನಿನಲ್ಲಿ ತಿರುಗುವುದು ಆಗದ ಮಾತಾಯಿತು. ಅಮೆರಿಕದ 50 ರಾಜ್ಯಗಳನ್ನೂ ಸೇರಿಸಿ ಸಾವಿರಕ್ಕೂ ಹೆಚ್ಚು ಶೋ ಕೊಟ್ಟ ಬ್ಯಾಂಡು 2002ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಹಾಡಿದ ಮೇಲೆ ಮತ್ತೆ ವೇದಿಕೆ ಹತ್ತಿಲ್ಲ. ಆದರೆ ಅವರ ಧ್ವನಿ ತಂತ್ರಜ್ಞರು ಶೋ ಮುಗಿದಾಗಲೆಲ್ಲ ಒಂದು ಕ್ಯಾಸೆಟ್ಟನ್ನೋ ಡಿಜಿಟಲ್ ಟೇಪನ್ನೋ ಎತ್ತಿಟ್ಟಿದ್ದರು. ಆ ಟೇಪುಗಳಲ್ಲಿದ್ದ ಎಂಟುನೂರಕ್ಕೂ ಹೆಚ್ಚು ಶೋಗಳನ್ನು ಡಿಸ್ಕಾರ್ಡ್ 2011ರ ಡಿಸೆಂಬರಿನಿಂದ ಒಂದೊಂದಾಗಿ ಮಾರಾಟಕ್ಕಿಟ್ಟಿತು. ಶೋ ಒಂದಕ್ಕೆ ಐದು ಡಾಲರ್. ಕೇಳುಗರು ಬೇಕೆಂದರೆ ಒಂದೇ ಡಾಲರ್ ಕೊಡಬಹುದು, ಮನಸ್ಸಿದ್ದರೆ ನೂರರ ತನಕ. ಹಕ್ಕು ಯಾವ ಕಂಪನಿಗೂ ಬರೆದುಕೊಟ್ಟಿರಲಿಲ್ಲವಾದ್ದರಿಂದ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿ ಬರಲಿಲ್ಲ.