ನಾಣ್ಯದ ದೋಷ, ನಾಣ್ಯದ ಗಾಯ

ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳೆಯ ಮನೆಗಳಲ್ಲಿ ತೂತಿನ ನಾಣ್ಯಗಳು ದೊರೆಯುವುದುಂಟು. ಅವೆಲ್ಲ ಒಂದೇ ಬಗೆಯವಲ್ಲ. 1943ರಿಂದ 1947ರವರೆಗಿನ ಪೈಸೆಯ ರಂಧ್ರವು ಯುದ್ಧಕಾಲದ ಲೋಹದ ಉಳಿತಾಯಕ್ಕಾಗಿ ಟಂಕಸಾಲೆಯಲ್ಲಿಯೇ ಆದುದು. ಮುದ್ರೆಯು ಅದನ್ನು ಬಳಸಿ ನಿಂತಿದೆ. ಕೊರಳಸರಕ್ಕೆಂದು ಕೊರೆದ ತೂತಾದರೋ ಅಕ್ಷರಗಳನ್ನೇ ಕಡಿದಿರುತ್ತದೆ.

ದೋಷನಾಣ್ಯದ ಪರೀಕ್ಷೆಯೂ ಇದೇ. ಹಿಂದಿನ ನಾಣ್ಯವು ಅಚ್ಚಿಗೆ ಅಂಟಿಕೊಂಡರೆ ಮುಂದಿನದರ ಒಂದು ಮುಖದಲ್ಲಿ ಅದರ ಚಿತ್ರವು ತಿರುವಾಗಿ, ತಗ್ಗಾಗಿ ಮೂಡುತ್ತದೆ, ಇದು ನಿಜದೋಷ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಬಲವಾಗಿ ಒತ್ತಿದರೂ ಅಂಥದೇ ಗುರುತು ಬೀಳುತ್ತದೆ. ಆದರೆ ಅದರಡಿಯಲ್ಲಿ ಮೊದಲಿನ ಮುದ್ರೆಯು ಚಪ್ಪಟೆಯಾಗಿ ಉಳಿದಿರುತ್ತದೆ. ಮುದ್ರೆಯೊಡನೆ ಹುಟ್ಟಿದುದು ದೋಷ, ಮುದ್ರೆಯ ಮೇಲೆ ಬಿದ್ದುದು ಗಾಯ.

ಗಾಯಕ್ಕೆ ದೋಷದ ಬೆಲೆ ತೆರಬಾರದು. ಶಾಲೆಯ ಸಂಗ್ರಹಕ್ಕೆ ನಾಣ್ಯ ನೀಡುವ ದಾನಿಗಳು ಹುಣಸೆಹುಳಿಯಿಂದ ಬೆಳಗದೆ ಇದ್ದಂತೆಯೇ ನೀಡುವುದು ಲೇಸು. ಬೆಳಗಿದರೆ ಸಾಕ್ಷ್ಯವೇ ಅಳಿಯುವುದು.